ಗೋಪುರದ ಗುರುತು, ಮೆಟ್ಟಿಲ ಗುರುತು

ಮೈಸೂರಿನ ಸಯ್ಯಾಜಿರಾವ್ ರಸ್ತೆಯ ಬಗ್ಗೆ ಬರೆದವರೆಲ್ಲ ತಲೆ ಎತ್ತಿ ನಡೆದವರು. ಅವರ ಬರಹದಲ್ಲಿ ಗುಮ್ಮಟ ಇದೆ, ಕಮಾನು ಇದೆ, ಗಡಿಯಾರ ಇದೆ. ನೆಲ ಇಲ್ಲ. ನಾವು ಈ ರಸ್ತೆಗೆ ಮೊದಲು ಬಂದದ್ದು ಅವ್ವನ ಸೆರಗು ಹಿಡಿದು, ವೀಳ್ಯದೆಲೆ ಹೊರೆಯ ಹಿಂದೆ. ಆಮೇಲೆ ಬಂದದ್ದು ಕಾಲೇಜು ಸೇರಿ, ಕೈಯಲ್ಲಿ ಪುಸ್ತಕ ಹಿಡಿದು. ಪುಸ್ತಕ ತೋರಿಸಿದ ರಸ್ತೆಯೇ ಬೇರೆ, ಅವ್ವ ತೋರಿಸಿದ ರಸ್ತೆಯೇ ಬೇರೆ. ಎರಡರಲ್ಲಿ ಯಾವುದು ಇತಿಹಾಸ ಅನ್ನೋದು ನಮ್ಮ ಪ್ರಶ್ನೆ.

ಮೊದಲು ಪುಸ್ತಕದ ರಸ್ತೆ. ದೇವರಾಜ ಮಾರುಕಟ್ಟೆಯ ತುದಿಗೆ ಚಿಕ್ಕ ಗಡಿಯಾರ. ಅದರ ದೊಡ್ಡ ಹೆಸರು ಡಫರಿನ್ ಗಡಿಯಾರ ಗೋಪುರ. 1886ರಲ್ಲಿ ವೈಸ್‌ರಾಯ್ ಡಫರಿನ್ ಮೈಸೂರಿಗೆ ಬಂದು ಹೋದ ನೆನಪಿಗೆ ಕಟ್ಟಿದ್ದು. ಕೆ.ಆರ್. ವೃತ್ತದ ಮಗ್ಗುಲಲ್ಲಿ ಲ್ಯಾನ್ಸ್‌ಡೌನ್ ಕಟ್ಟಡ. 1892ರದ್ದು, ಇನ್ನೊಬ್ಬ ವೈಸ್‌ರಾಯ್ ಬಂದು ಹೋದ ನೆನಪಿಗೆ. ಮಾರುಕಟ್ಟೆಗೆ ದೊಡ್ಡ ದೇವರಾಜ ಒಡೆಯರ ಹೆಸರು. ವೃತ್ತದ ನಡುವೆ ನಾಲ್ವಡಿ ಕೃಷ್ಣರಾಜ ಒಡೆಯರ ಪ್ರತಿಮೆ. ನಾಲ್ವಡಿಯವರ ಋಣ ನಾವು ಮರೆತಿಲ್ಲ. 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿ ಹಿಂದುಳಿದವರಿಗೆ ನೌಕರಿಯ ಬಾಗಿಲು ತೆರೆಯಲು ಹೊರಟ ಅರಸ ಅವರು. ಆದರೆ ಡಫರಿನ್‌ಗೂ ಲ್ಯಾನ್ಸ್‌ಡೌನ್‌ಗೂ ನಾವು ಯಾವ ಋಣದಲ್ಲಿದ್ದೇವೆ? ಬಂದು ಹೋಗುವುದೇ ಒಂದು ಸಾಧನೆಯಾದರೆ ನಮ್ಮವ್ವ ಈ ರಸ್ತೆಗೆ ಸಾವಿರ ಸಲ ಬಂದು ಹೋಗಿದ್ದಾಳೆ.

ಈಗ ಅವ್ವನ ರಸ್ತೆ. ಅವಳಿಗೆ ಓದು ಬಾರದು, ಗೋಪುರದ ಹೆಸರೂ ಬೇಕಿಲ್ಲ. ಅವಳು ಗುರುತು ಹೇಳೋ ರೀತಿಯೇ ಬೇರೆ. “ನೋಡು ಮಗ, ಆ ಜಗ್ಲಿ ಮ್ಯಾಲೆ ಹೊರೆ ಇಳ್ಸುದ್ರೆ ಯಾರೂ ಏನೂ ಅನ್ನಾಕಿಲ್ಲ. ಈ ಅಂಗ್ಡಿ ತಾವ ಮಾತ್ರ ನಿಂತ್ಕಬ್ಯಾಡ.” ಎಲ್ಲಿ ನೀರು ಕೇಳಬಹುದು, ಎಲ್ಲಿ ಕೇಳಬಾರದು, ಯಾವ ಕಮಾನಿನ ಕೆಳಗೆ ಮಳೆಗೆ ನಿಲ್ಲಬಹುದು, ಮಲ್ಲಿಗೆ ಸಾಲಿನಲ್ಲಿ ಯಾರು ಸರಿದು ಕೂತು ಜಾಗ ಕೊಡ್ತಾರೆ. ಇವೇ ಅವಳ ಗಡಿಯಾರ, ಇವೇ ಅವಳ ವೃತ್ತ. ಒಂದು ದಸರೆಯಲ್ಲಿ ಸವಾರಿ ನೋಡಲು ಬೆಳಿಗ್ಗೆಯೇ ಬಂದು ಒಂದು ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದೆವು. ಅಂಗಡಿಯವನು ಬಂದು ನಮ್ಮನ್ನು ಎಬ್ಬಿಸಿ, ನಾವು ಕೂತ ಜಾಗಕ್ಕೆ ಒಂದು ಚೊಂಬು ನೀರು ಹುಯ್ದ. ಅವ್ವ ಏನೂ ಅನ್ನಲಿಲ್ಲ. ಆ ಮೆಟ್ಟಿಲು ಇವತ್ತಿಗೂ ನಮಗೆ ಗುರುತಿದೆ. ಯಾವ ಪುಸ್ತಕದಲ್ಲೂ ಅದು ನಮಗೆ ಸಿಕ್ಕಿಲ್ಲ.

1973ರಲ್ಲಿ ಇದೇ ಊರಿನಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಹೆಚ್ಚು ಅಂದಾಗ ನಾಡೇ ಉರಿದೆದ್ದಿತು. ಅದೇ ಮಾತನ್ನು ಪರಂಪರೆಯ ಬರಹಗಳಿಗೂ ಹೇಳಬೇಕಾಗಿದೆ. ಜಂಬೂಸವಾರಿ ಇದೇ ರಸ್ತೆಯಲ್ಲಿ ಬನ್ನಿಮಂಟಪಕ್ಕೆ ಹೋಗುತ್ತದೆ. 750 ಕಿಲೋ ಅಂಬಾರಿಯ ಬಗ್ಗೆ ಪುಟಗಟ್ಟಲೆ ವರ್ಣನೆ. ಸವಾರಿ ಮುಂದೆ ಹೋದ ಮೇಲೆ ಆನೆ ಲದ್ದಿ, ಹರಿದ ಚಪ್ಪಲಿ, ಕಸ ಬಳಿಯುವ ಪೌರಕಾರ್ಮಿಕರ ಬಗ್ಗೆ ಒಂದು ಸಾಲಿಲ್ಲ. 2015ರಲ್ಲೂ 2016ರಲ್ಲೂ ದೇಶದಲ್ಲೇ ಸ್ವಚ್ಛ ನಗರ ಅಂತ ಮೈಸೂರಿಗೆ ಮೊದಲ ಸ್ಥಾನ ಬಂತು. ಆ ಸ್ಥಾನ ತಂದದ್ದು ಗುಮ್ಮಟವಲ್ಲ, ಪೊರಕೆ.

2012ರ ಆಗಸ್ಟ್ 25ರಂದು ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. ಹಳೇ ಪುಸ್ತಕದ ಅಂಗಡಿಗಳಿದ್ದ ಕಟ್ಟಡ ಅದು. ನಮ್ಮ ಅಣ್ಣಂದಿರು ಅಲ್ಲಿ ಅರ್ಧ ಬೆಲೆಗೆ ಪುಸ್ತಕ ಕೊಂಡು ಪರೀಕ್ಷೆ ಪಾಸಾದವರು. 2016ರ ಆಗಸ್ಟಿನಲ್ಲಿ ಮಾರುಕಟ್ಟೆಯ ಉತ್ತರ ಬಾಗಿಲೂ ಕುಸಿಯಿತು. ಕೆಡವಿ ಹೊಸದು ಕಟ್ಟಬೇಕು ಅಂತ ಒಂದು ಪಕ್ಷ, ಹಾಗೇ ಉಳಿಸಬೇಕು ಅಂತ ಇನ್ನೊಂದು ಪಕ್ಷ; ವ್ಯಾಜ್ಯ ಹೈಕೋರ್ಟಿಗೂ ಹೋಯಿತು. ಎರಡೂ ಪಕ್ಷದ ಬರಹ ನಾವು ಓದಿದೆವು. ಒಬ್ಬರು ಇಟ್ಟಿಗೆಯ ಬಲ ಲೆಕ್ಕ ಹಾಕಿದರು, ಇನ್ನೊಬ್ಬರು ಸುಣ್ಣದ ಗಾರೆಯ ಸೊಗಸು ಹೊಗಳಿದರು. ಮಳಿಗೆಯ ನಂಬರಿಲ್ಲದೆ, ನೆಲದ ಮೇಲೆ ಗೋಣಿ ಹಾಸಿ ಕೂತು ಸೊಪ್ಪು ಮಾರೋಳು ಎಲ್ಲಿಗೆ ಹೋಗಬೇಕು ಅಂತ ಇಬ್ಬರೂ ಕೇಳಲಿಲ್ಲ.

ಇನ್ನು ರಸ್ತೆಯ ಹೆಸರು. ಸಯ್ಯಾಜಿರಾವ್ ಅಂದರೆ ಬರೋಡದ ಮಹಾರಾಜ ಸಯ್ಯಾಜಿರಾವ್ ಗಾಯಕವಾಡ. 1913ರಲ್ಲಿ ಬರೋಡ ಸಂಸ್ಥಾನದ ವಿದ್ಯಾರ್ಥಿವೇತನದಲ್ಲೇ ಬಾಬಾಸಾಹೇಬ ಅಂಬೇಡ್ಕರರು ಅಮೆರಿಕಾದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದದ್ದು. ಈ ರಸ್ತೆಯಲ್ಲಿ ನಮಗೆ ನಿಜವಾಗಿ ಸಂಬಂಧಪಟ್ಟ ಸಂಗತಿ ಇದು. ಅದರ ಇನ್ನೊಂದು ಮುಖವನ್ನೂ ಹೇಳಬೇಕು. ಓದಿ ಬಂದು 1917ರಲ್ಲಿ ಅದೇ ಬರೋಡಕ್ಕೆ ನೌಕರಿಗೆ ಹೋದ ಬಾಬಾಸಾಹೇಬರಿಗೆ ತಂಗಲು ಒಂದು ಕೋಣೆ ಸಿಗಲಿಲ್ಲ. ಜಾತಿ ಮರೆಸಿ ಪಾರಸಿಗಳ ವಸತಿಗೃಹ ಸೇರಿದರು. ಗುರುತು ಹಚ್ಚಿ, ಕೋಲು ಹಿಡಿದು ಬಂದು ಹೊರಗೆ ಹಾಕಿದರು. ಅರಸ ಕೊಟ್ಟದ್ದನ್ನು ಊರು ಕಿತ್ತುಕೊಂಡಿತು. ಅರಸರನ್ನು ಮಾತ್ರ ಬರೆದು ಊರನ್ನು ಬಿಡುವ ಇತಿಹಾಸದ ಮೋಸ ಇಲ್ಲಿ ತಿಳಿಯುತ್ತೆ.

ಗೆಳೆಯರೇ, ನಾವು ಈ ಕಟ್ಟಡಗಳನ್ನು ಕೆಡವಿ ಅನ್ನುತ್ತಿಲ್ಲ. ಅವುಗಳಲ್ಲಿ ನಮ್ಮವರ ಬೆವರೂ ಇದೆ. ನಾವು ಕೇಳೋದು ಇಷ್ಟು. ಉಳಿಸಿದರೂ ಸರಿ, ಹೊಸದು ಕಟ್ಟಿದರೂ ಸರಿ, ನೆಲದಲ್ಲಿ ಕೂತು ಮಾರುವವರಿಗೆ ಮೊದಲು ಜಾಗ ಗುರುತಿಸಲಿ. ವೈಸ್‌ರಾಯನ ಹೆಸರಿರುವ ಕಡೆಯೇ ಸತ್ತ ನಾಲ್ವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಲಿ. ರಸ್ತೆಯ ಫಲಕದ ಕೆಳಗೆ 1913ನ್ನೂ ಬರೆಯಲಿ, 1917ನ್ನೂ ಬರೆಯಲಿ. ಇನ್ನು ಆ ಮೆಟ್ಟಿಲು. ಅದರ ಬಗ್ಗೆ ನಾವೇ ಬರೆಯುತ್ತೇವೆ. ಓದು ಕಲಿತದ್ದು ಅದಕ್ಕೇ.