ಎಲ್ಲಾ ಕಡುಗೆಂಪೂ ಮರೂನ್ ಅಲ್ಲ

ಹೈದರಾಬಾದಿನ ಮಲ್ಕಾಜ್‌ಗಿರಿಯ ಯಾವುದೇ ಸೀರೆ ಅಂಗಡಿಗೆ ಹೋಗಿ ಕಡುಗೆಂಪು ತೋರಿಸಿ ಅನ್ನಿ. ಇಟ್ಟಿಗೆಯಂಥದ್ದು, ಬೀಟ್‌ರೂಟಿನಂಥದ್ದು, ದಾಳಿಂಬೆಯಂಥದ್ದು, ಎಲ್ಲವನ್ನೂ ಹರವಿ ಎಲ್ಲಕ್ಕೂ ‘ಮರೂನ್’ ಅನ್ನುತ್ತಾರೆ. ಕೊಳ್ಳುವವರೂ ಹಾಗೆಯೇ ಕೇಳುವಾಗ ಅಂಗಡಿಯವರನ್ನು ಅಂದು ಫಲವಿಲ್ಲ. ಆದರೆ ಮರೂನ್ ಹುಟ್ಟಿದ್ದು ಚೆಸ್ಟ್‌ನಟ್ ಕಾಯಿಯ ಫ್ರೆಂಚ್ ಹೆಸರಿನಿಂದ. ಕಂದು ಅದರ ರಕ್ತದಲ್ಲೇ ಇದೆ. ಈ ಭಾಗದ ರೈಲ್ವೆ ಕುಟುಂಬಗಳಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. 1990ರ ದಶಕದಲ್ಲಿ ನೀಲಿ ಬಳಿದುಕೊಳ್ಳುವ ಮುಂಚೆ ಬೋಗಿಗಳೆಲ್ಲ ಹೆಚ್ಚುಕಡಿಮೆ ಅದೇ ಬಣ್ಣದವು. ಬೋಗಿಗೆ ಚೆನ್ನಾಗಿಯೇ ಒಪ್ಪುತ್ತಿತ್ತು. ಮದುವೆ ಸೀರೆಗೆ ನಾನಂತೂ ಒಪ್ಪುವವಳಲ್ಲ.

ಕನ್ನಡದಲ್ಲಿ ಇದಕ್ಕಿಂತ ಚೊಕ್ಕವಾದ ಮಾತಿದೆ: ಕಿರಮಂಜಿ. ಅರಬ್ಬಿ, ಪಾರಸಿಯ ‘ಕಿರ್ಮಿಜ್’ ಎಂಬ ಬಣ್ಣದ ಹುಳುವಿನಿಂದ ಬಂದದ್ದು. ಇಂಗ್ಲಿಷಿನ ಕ್ರಿಮ್ಸನ್ನಿಗೂ ಅದೇ ಬೇರು. ಸ್ಫಟಿಕ ಹಾಕಿ ಅದ್ದಿದ ಹುಳುವಿನ ಕೆಂಪು ಕಂದಿನ ಕಡೆಗೆ ವಾಲುವುದಿಲ್ಲ, ನೀಲಿಯ ಕಡೆಗೆ ವಾಲುತ್ತದೆ. ಈ ಕೆಂಪಿನ ಆಸೆಗೆ 1795ರಲ್ಲಿ ಬ್ರೆಜಿಲ್‌ನಿಂದ ಭಾರತಕ್ಕೆ ಕೊಚಿನೀಲ್ ಹುಳು ತರಿಸಿದ್ದರು. ಬಂದದ್ದು ಬೇರೆ ಜಾತಿ. ಬಣ್ಣ ಹೇಳಿಕೊಳ್ಳುವಷ್ಟು ಸಿಗಲಿಲ್ಲ, ಪಾಪಾಸುಕಳ್ಳಿಯನ್ನು ಮಾತ್ರ ಹೀರಿ ಒಣಗಿಸಿತು. 1830ರ ದಶಕದಲ್ಲಿ ದಕ್ಷಿಣಕ್ಕೆ ಅದನ್ನು ತಂದು ಬಿಟ್ಟದ್ದು ಕಳ್ಳಿ ಸಾಯಲಿ ಅಂತಲೇ!

ಇನ್ನು ಇಳಕಲ್ ಸೀರೆಯ ಕೆಂಪು. ನಿಜಾಮರ ಕಾಲದಲ್ಲಿ ಪಕ್ಕದ ಕುಷ್ಟಗಿ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಇಳಕಲ್ ಮುಂಬಯಿ ಪ್ರಾಂತ್ಯದಲ್ಲಿ. ಸೀರೆಗೆ ಆ ಗಡಿ ಲೆಕ್ಕಕ್ಕಿರಲಿಲ್ಲ. ಇಲ್ಲಿನ ಕನ್ನಡದ ಮನೆಗಳಲ್ಲಿ ಟ್ರಂಕು ತೆಗೆಸಿದರೆ ಅಡಿಯಲ್ಲೊಂದು ಇಳಕಲ್ ಸಿಕ್ಕೇ ಸಿಗುತ್ತದೆ. ಆ ಕಡೆಯ ಮದುಮಗಳ ಸೀರೆಯ ಕೆಂಪಿಗೆ ‘ಗಿರಿಕುಂಕುಮ’ ಎಂದೇ ಹೆಸರು. ಪೂಜಾರಿಗಳ ಮನೆಯ ಹೆಣ್ಣುಮಕ್ಕಳು ಹಚ್ಚುವ ಕುಂಕುಮದ ನೆನಪು ಅದರಲ್ಲಿದೆ. ನಾನೊಮ್ಮೆ ಮರೂನ್ ಅಂದದ್ದಕ್ಕೆ ಹಿರಿಯರೊಬ್ಬರು ತಡೆದು, “ಮರೂನ್ ಅಲ್ಲವ್ವಾ, ಗಿರಿಕುಂಕುಮ ಅನ್ನು” ಎಂದಿದ್ದರು.

ಕೆಂಪಿನ ನಿಜವಾದ ಪರೀಕ್ಷೆ ನಡೆಯುವುದು ಸೆರಗಿನಲ್ಲಿ. ಮೈಯ ಹಾಸು ಹತ್ತಿ, ಸೆರಗಿನ ಹಾಸು ರೇಷ್ಮೆ. ಎರಡರ ಎಳೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಸೇರಿಸುತ್ತಾರೆ. ಟೋಪ್ ತೆನಿ ಎಂಬ ಈ ಸೆರಗಿನಲ್ಲಿ ಮೂರು ಕೆಂಪು ಪಟ್ಟೆ, ನಡುವೆ ಎರಡು ಬಿಳಿ. ಹಣಿಗೆಯ ಹಲ್ಲಿನಂತೆ ಬಿಳಿ ಕೆಂಪಿನೊಳಕ್ಕೆ ನುಗ್ಗಿರುತ್ತದೆ. ಇಷ್ಟು ಕಡುವಾದ ಕೆಂಪನ್ನು ಬಿಳಿಯ ಮಗ್ಗುಲಲ್ಲಿ ಕೂರಿಸುವುದು ಎದೆಗಾರಿಕೆಯ ಕೆಲಸ, ಯಾಕೆಂದರೆ ಬಣ್ಣ ಒಂದಿಷ್ಟು ಬಿಟ್ಟರೂ ಹಲ್ಲುಗಳೆಲ್ಲ ಗುಲಾಬಿ. ಇವತ್ತು ಬಳಸುವುದು ಬಹುಪಾಲು ರಾಸಾಯನಿಕ ಬಣ್ಣ, ಸೆರಗಿಗೂ ಎಷ್ಟೋ ಕಡೆ ಆರ್ಟ್ ಸಿಲ್ಕ್. ಆರ್ಟ್ ಸಿಲ್ಕಿನ ಕೆಂಪು ಮೇಲ್ಮೇಲೆ ಮಿಂಚುತ್ತದೆ. ರೇಷ್ಮೆಯದು ಮಡಿಕೆಯೊಳಗೆ ಕಪ್ಪಿಗೆ ತಿರುಗಿ, ಏಣಿನಲ್ಲಿ ಹೊಳೆಯುತ್ತದೆ.

ಹಾಗಾಗಿ ಟ್ಯೂಬ್‌ಲೈಟ್ ಕೆಳಗೆ ಕೆಂಪು ಆರಿಸಬೇಡಿ, ಸೀರೆಯನ್ನು ಬಾಗಿಲ ಬೆಳಕಿಗೆ ಒಯ್ಯಿರಿ. ಅಂಗಡಿಯವರು ಬೇಡವೆನ್ನದಿದ್ದರೆ, ಒದ್ದೆ ಮಾಡಿದ ಬಿಳಿ ಕರ್ಚೀಫನ್ನು ಸೆರಗಿನ ಒಳಮಗ್ಗುಲಿಗೆ ಒತ್ತಿ ನೋಡಿ. ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎನ್ನುವ ಸಲಹೆಯನ್ನು ನಾನು ನಂಬುವುದಿಲ್ಲ. ಅದು ಬಣ್ಣದ ಹಂಡೆಯಲ್ಲೇ ಆಗಬೇಕಾದ ಕೆಲಸ. ಮೊದಲ ಸಲ ತಣ್ಣೀರಲ್ಲಿ ಅದ್ದಿ ತಕ್ಷಣ ಎತ್ತಿ, ಹಿಂಡದೆ, ಸೆರಗು ಮಡಿಚದೆ ನೆರಳಿಗೆ ಹಾಕಿ.