ಗೊಂಬಿ ಆಟ ನೋಡಲು ಕೂರುವವರಿಗೆ

ರಾಕ್ ಸಂಗೀತದಲ್ಲಿ ಗಿಟಾರ್ ನುಡಿಸುವವನೇ ಕುಂಚ ಹಿಡಿದರೆ ಅದೊಂದು ಸುದ್ದಿ. ಇಂಗ್ಲೆಂಡಿನ ‘ದಿ ಸ್ಟೋನ್ ರೋಸಸ್’ ತಂಡದ ಗಿಟಾರಿಗ ಜಾನ್ ಸ್ಕ್ವೈರ್, 1989ರಲ್ಲಿ ಬಂದ ತಮ್ಮ ಮೊದಲ ಆಲ್ಬಮ್ಮಿನ ಮುಖಪುಟಕ್ಕೆ ಚಿತ್ರಕಾರ ಜಾಕ್ಸನ್ ಪೊಲಾಕ್‌ನ ವರಸೆಯಲ್ಲಿ ತಾನೇ ಚಿತ್ರ ಬರೆದದ್ದನ್ನು ಅಭಿಮಾನಿಗಳು ಈಗಲೂ ಹೇಳಿಕೊಳ್ಳುತ್ತಾರೆ. ತುಂಗಭದ್ರೆಯ ದಂಡೆಯವರಿಗೆ ಇದರಲ್ಲಿ ಬೆರಗೇನೂ ಇಲ್ಲ. ತೊಗಲುಗೊಂಬೆ ಆಡಿಸುವ ಬಳ್ಳಾರಿ, ಕೊಪ್ಪಳ ಸೀಮೆಯ ಶಿಳ್ಳೇಕ್ಯಾತರಲ್ಲಿ ತೊಗಲು ಹದಮಾಡಿ ಬಣ್ಣ ತುಂಬಿದ ಕೈಯೇ ರಾತ್ರಿ ಅದನ್ನು ಪರದೆಯ ಮೇಲೆ ಕುಣಿಸುತ್ತದೆ. ಆ ಕೈಯವರೇ ಹಾಡುತ್ತಾರೆ, ಆ ಕೈಯವರೇ ಮಾತಾಡುತ್ತಾರೆ. ಹಾಗಾಗಿ ತೊಗಲುಗೊಂಬೆ ಆಟಕ್ಕೆ ಹೊಸಬರಾಗಿ ಬಂದವರು ಮೊದಲು ಬಿಡಬೇಕಾದ್ದು ಒಂದು ಅಭ್ಯಾಸ: ಕಣ್ಣಿಗೊಂದು ಕಲೆ, ಕಿವಿಗೊಂದು ಕಲೆ ಎಂದು ಪಾಲು ಮಾಡುವುದು.

ಹೊಸಪೇಟೆಯಿಂದ ಹೊಳೆ ದಾಟಿ ಕೊಪ್ಪಳದ ಕಡೆ ಹೋದರೆ ಮೋರನಾಳ ಎಂಬ ಊರು. ಅಲ್ಲಿನ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ವಯಸ್ಸು 96. ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ರಾಮಾಯಣ, ಮಹಾಭಾರತ ಆಡಿಸಿದವರು, ಹತ್ತಾರು ದೇಶ ಸುತ್ತಿ ಬಂದವರು. ಗಂಡಸರೇ ಮುಂದೆ ನಿಂತಿದ್ದ ಮೇಳದಲ್ಲಿ ಹೆಣ್ಣುಮಗಳೊಬ್ಬಳು ಗೊಂಬೆಯ ಕೋಲು ಹಿಡಿದಿದ್ದು ಸಣ್ಣ ಮಾತಲ್ಲ. ಪರದೆಯ ಹಿಂದೆ ಹೆಂಗಸರು ಮೊದಲಿನಿಂದ ಇದ್ದರು, ಸೀತೆಗೂ ದ್ರೌಪದಿಗೂ ಕಂಠ ಅವರದೇ. ಆದರೆ ಊರಿನವರು ಹೆಸರು ಹಿಡಿದು ಕರೆದದ್ದು ಗಂಡಸರನ್ನು.

ಬಳ್ಳಾರಿಯ ಬೆಳಗಲ್ಲು ವೀರಣ್ಣನವರ ದಾರಿ ಬೇರೆ. ನಾಟಕದ ರಂಗವನ್ನೂ ಕಂಡಿದ್ದ ಅವರು ಪುರಾಣದ ಪರದೆಯ ಮೇಲೆ ಸ್ವಾತಂತ್ರ್ಯ ಸಂಗ್ರಾಮವನ್ನೂ ಗಾಂಧೀಜಿಯನ್ನೂ ತಂದರು. ಕೋಲುಹಿಡಿದ ಗಾಂಧಿಯ ಗೊಂಬೆ ಕಂಡು ಮೂಗು ಮುರಿಯುವ ಶುದ್ಧವಾದಿಗಳಿದ್ದಾರೆ. ನನಗೇನೋ ಅದು ತಪ್ಪೆನಿಸುವುದಿಲ್ಲ. ಕಿರೀಟವಿಲ್ಲದ, ಒಡವೆಯಿಲ್ಲದ ದೇಹವನ್ನು ತೊಗಲಲ್ಲಿ ನಿಲ್ಲಿಸುವುದು ರಾವಣನನ್ನು ನಿಲ್ಲಿಸುವುದಕ್ಕಿಂತ ಕಷ್ಟ, ಏಕೆಂದರೆ ತೂತು ಕೊರೆಯಲು ಜಾಗವೇ ಇಲ್ಲ. ವೀರಣ್ಣ 2023ರಲ್ಲಿ ತೀರಿಕೊಂಡರು.

ತೂತಿನ ಮಾತು ಬಂತು, ಅಲ್ಲಿಂದಲೇ ನೋಡಲು ಕಲಿಯಿರಿ. ಹೊಸಬರ ಕಣ್ಣು ಬಣ್ಣಕ್ಕೆ ಹೋಗುತ್ತದೆ. ಕೆಂಪು, ಹಸಿರು, ಕಪ್ಪು ಚೆಂದವೇ. ಆದರೆ ಮೇಕೆಯ ಚರ್ಮವನ್ನು ನೆನೆಹಾಕಿ, ಕೂದಲು ಹೆರೆದು, ಎಳೆದು ಒಣಗಿಸಿ ಬೆಳಕು ಹಾಯುವಷ್ಟು ತೆಳುಮಾಡಿದ ಮೇಲೆ ಕುಶಲಿಯ ನಿಜವಾದ ಪರೀಕ್ಷೆ ಉಳಿಯಲ್ಲಿದೆ. ಸರ, ತೋಳ್ಬಂದಿ, ಸೀರೆಯ ಅಂಚು ಎಲ್ಲ ಸಾಲು ಸಾಲು ಸಣ್ಣ ರಂಧ್ರಗಳು. ದೀಪ ಹಿಂದೆ ಬಂದಾಗ ಬಣ್ಣ ಕೆಂಡದಂತೆ ಮಂದವಾಗಿ ಹೊಳೆದರೆ, ರಂಧ್ರದಲ್ಲಿ ಹಾಯ್ದ ಬೆಳಕು ಮಾತ್ರ ಅಪ್ಪಟ ಬಿಳಿ. ಒಡವೆಗೆ ಬಣ್ಣ ಬಳಿದಿಲ್ಲ, ಬೆಳಕನ್ನೇ ತೊಡಿಸಿದ್ದಾರೆ. ಇದನ್ನು ಕಂಡುಕೊಂಡರೆ ಅರ್ಧ ಆಟ ಕೈಗೆ ಬಂದಂತೆ.

ಆಮೇಲೆ ಗಾತ್ರ. ದೊರೆ, ದೇವರು ದೊಡ್ಡವರು, ಆಳುಗಳು ಸಣ್ಣವರು. ಇಲ್ಲಿ ಎತ್ತರವೆಂದರೆ ಅಂತಸ್ತು, ದೂರ-ಹತ್ತಿರದ ಲೆಕ್ಕವಲ್ಲ. ನಮ್ಮ ಉತ್ತರದ ಗೊಂಬೆಗಳು ದಕ್ಷಿಣದ ಚಿಕ್ಕ ಗೊಂಬೆಗಳಿಗಿಂತ ಭಾರಿ, ಕೆಲವು ಒಂದೇ ತೊಗಲಿನಲ್ಲಿ ಇಡೀ ದರ್ಬಾರನ್ನೋ ರಥವನ್ನೋ ಹಿಡಿದಿರುತ್ತವೆ. ಒಬ್ಬನೇ ರಾಮನಿಗೆ ಪಟ್ಟದ್ದೊಂದು, ವನವಾಸದ್ದೊಂದು ಗೊಂಬೆ. ಮುಖ ಬಹುಪಾಲು ಪಕ್ಕನೋಟದ್ದು, ಕಣ್ಣು ಮಾತ್ರ ಅಗಲ.

ಇದಕ್ಕೆ ಕಣ್ಣು ಪಳಗಿಸಬೇಕಾದರೆ ಆಟಕ್ಕೆ ಮುಂಚೆ ಒಂದು ಮಧ್ಯಾಹ್ನ ಹಂಪಿಯ ವಿರೂಪಾಕ್ಷ ಗುಡಿಗೆ ಹೋಗಿ. ರಂಗಮಂಟಪದ ಛಾವಣಿಯಲ್ಲಿ ಪಲ್ಲಕ್ಕಿಯ ವಿದ್ಯಾರಣ್ಯರ ಮೆರವಣಿಗೆ, ಅರ್ಜುನನ ಮತ್ಸ್ಯಯಂತ್ರ ಭೇದನ ಇವೆ. ಒಬ್ಬರ ಹಿಂದೊಬ್ಬರು, ಎಲ್ಲ ಪಕ್ಕನೋಟ, ನೆಲವಿಲ್ಲದ ನಡಿಗೆ. ವಿಜಯನಗರದ ಚಿತ್ರಕ್ಕೂ ತೊಗಲಿಗೂ ನಂಟಿದೆ ಎಂದು ವಿದ್ವಾಂಸರು ಲೇಪಾಕ್ಷಿಯ ಚಿತ್ರಗಳನ್ನು ಮುಂದಿಟ್ಟು ಹೇಳುವುದುಂಟು. ಯಾರು ಯಾರಿಂದ ಕಲಿತರು ಎಂಬ ವಾದ ಅವರಿಗಿರಲಿ. ಕತ್ತು ನೋಯುವ ತನಕ ಆ ಸಾಲನ್ನು ನೋಡಿದವರಿಗೆ ರಾತ್ರಿ ಪರದೆಯ ಮೇಲಿನ ಕುರುಸೇನೆ ಅಪರಿಚಿತ ಎನಿಸುವುದಿಲ್ಲ.

ಆಟ ಶುರುವಾದ ಮೇಲೆ ಗೊಂಬೆಗೂ ಬಟ್ಟೆಗೂ ನಡುವಿನ ಅಂತರವನ್ನು ಗಮನಿಸಿ. ಒತ್ತಿ ಹಿಡಿದರೆ ಗೆರೆ ಚೂಪು, ಬಣ್ಣ ತುಂಬು. ತುಸು ಹಿಂದಕ್ಕೆ ಎಳೆದರೆ ಅಂಚು ಕರಗಿ ಗೊಂಬೆ ಹಿಗ್ಗುತ್ತದೆ. ಇಂದ್ರಜಿತು ಮಾಯವಾಗುವುದು, ಹನುಮ ಬೆಳೆಯುವುದು, ದೂತ ದೂರದಿಂದ ಬರುವುದು ಇಷ್ಟರಲ್ಲೇ. ಒಳ್ಳೆಯ ಆಡಿಸುವವರು ಈ ಎಳೆತವನ್ನು ಪದದ ಮುಕ್ತಾಯಕ್ಕೆ ಸರಿಯಾಗಿ ಕೂರಿಸುತ್ತಾರೆ. ಹಾರ್ಮೋನಿಯಂ ಸ್ವರ ಹಿಡಿದಿದೆ, ಮದ್ದಳೆ ಮುಕ್ತಾಯಕ್ಕೆ ಬರುತ್ತಿದೆ, ಗೆಜ್ಜೆಕಾಲು ನೆಲಕ್ಕೆ ಬೀಳುವುದೂ ಗೊಂಬೆ ಬಟ್ಟೆಗೆ ಅಪ್ಪಳಿಸುವುದೂ ಒಂದೇ ಕ್ಷಣ. ಅಲ್ಲಿ ನಿಮಗೆ ರೋಮ ನಿಲ್ಲದಿದ್ದರೆ ಆಡಿಸುವವರ ತಪ್ಪೋ ಧ್ವನಿಮುದ್ರಿತ ಹಿಮ್ಮೇಳದ ತಪ್ಪೋ ಇರಬೇಕು. ಮುದ್ರಿತ ಹಾಡಿಗೆ ಆಡುವ ಆಟದಿಂದ ನಾನು ಎದ್ದು ಬರುತ್ತೇನೆ. ಹಾಡು ಗೊಂಬೆಗೆ ಕಾಯದಿದ್ದರೆ ಗೊಂಬೆ ಹಾಡಿನ ಹಿಂದೆ ಓಡುತ್ತದೆ ಅಷ್ಟೇ.

ಗಣಪತಿ, ಶಾರದೆಯ ಸ್ತುತಿ ಮುಗಿದೊಡನೆ ಹಾಸ್ಯದ ಗೊಂಬೆ ಕಿಳ್ಳೇಕ್ಯಾತ ಬರುತ್ತಾನೆ, ಹಿಂದೆಯೇ ಬಂಗಾರಕ್ಕ. ಕರಿ ಮೈ, ಡೊಳ್ಳು ಹೊಟ್ಟೆ, ದಪ್ಪ ತುಟಿ. ಇವರಿಬ್ಬರ ಪೋಲಿ ಮಾತಿಗೆ ನಾಚಿ ಫೋನು ತೆಗೆಯಬೇಡಿ. ಪುರಾಣ ಈ ಊರಿಗೆ, ಈ ದಿನಕ್ಕೆ ಇಳಿಯುವುದು ಅವರ ಬಾಯಲ್ಲಿ. ಕಂಪ್ಲಿಯ ಭತ್ತದ ಧಾರಣೆ, ಸಂಡೂರಿನ ಅದಿರಿನ ಲಾರಿ ಎಬ್ಬಿಸುವ ಕೆಂಧೂಳು ಯಾವುದನ್ನಾದರೂ ಅವರು ಲಂಕೆಯ ಬೀದಿಯಲ್ಲಿ ನಿಲ್ಲಿಸಿ ಬೈಯಬಲ್ಲರು. ಮನೆಯಲ್ಲಿ ಮರಾಠಿ ಬೆರೆತ ನುಡಿಯಾಡುವ ಶಿಳ್ಳೇಕ್ಯಾತರು ಪರದೆಯ ಮೇಲೆ ಆಡುವ ಕನ್ನಡ ಎಂಥದು ಕೇಳಿ: ರಾಮನದು ಗ್ರಂಥಸ್ಥ, ಕ್ಯಾತನದು ಸಂತೆಪೇಟೆಯದು.

ನಡುವೆ ಒಮ್ಮೆ ಎದ್ದು ಪರದೆಯ ಹಿಂದಕ್ಕೂ ಹೋಗಿ, ಕೇಳಿಕೊಂಡು. ತಂತಿಗೆ ತೂಗಿದ ಗೊಂಬೆಗಳು ಬರುವ ಸರದಿಯಲ್ಲೇ ಇರುತ್ತವೆ. ಒಬ್ಬರು ಕೊಡುತ್ತಾರೆ, ಒಬ್ಬರು ಇಸಿದುಕೊಳ್ಳುತ್ತಾರೆ, ಹಾಡು ನಿಲ್ಲುವುದಿಲ್ಲ. ಹಿಂದೆ ಹರಳೆಣ್ಣೆಯ ದೀಪ, ಈಗ ಬಲ್ಬು. ಎಣ್ಣೆಯ ಉರಿ ಅಲ್ಲಾಡಿದಾಗ ನಿಂತ ಗೊಂಬೆಯೂ ಉಸಿರಾಡುತ್ತಿತ್ತು. ಬಿಳಿ ಎಲ್‌ಇಡಿಯಲ್ಲಿ ಅದು ಸತ್ತಂತೆ ನಿಲ್ಲುತ್ತದೆ, ಹಳದಿ ಬಲ್ಬಾದರೂ ಇರಲಿ.

ಗೊಂಬೆಗಳನ್ನು ಹಗಲಿನಲ್ಲಿ ನೋಡಬೇಕೆನ್ನುವವರಿಗೆ ಬೆಂಗಳೂರಿನ ಚಿತ್ರಕಲಾ ಪರಿಷತ್ತಿದೆ. ಅದನ್ನು ಕಟ್ಟಿದ ಎಂ.ಎಸ್. ನಂಜುಂಡರಾಯರು ಊರೂರು ಅಲೆದು ತಂದ ಸಂಗ್ರಹ ಅದು. ಅವರು ತರದಿದ್ದರೆ ಎಷ್ಟೋ ಗೊಂಬೆ ಹೊಳೆ ಸೇರುತ್ತಿದ್ದವು, ಏಕೆಂದರೆ ಸವೆದ ಗೊಂಬೆಗೆ ಪೂಜೆ ಮಾಡಿ ನೀರಿಗೆ ಬಿಡುವುದು ಮೇಳದವರ ಪದ್ಧತಿ. ಗಾಜಿನ ಹಿಂದೆ ಉಳಿಯ ಕೆಲಸ ಸಾವಕಾಶವಾಗಿ ಕಾಣುತ್ತದೆ, ಅಲ್ಲಿಗೆ ಅದರ ಉಪಯೋಗ ಮುಗಿಯಿತು.

ಆಟ ಇಡಿಸುವವರು ನೀವೇ ಆದರೆ ಎರಡು ಮಾತು. ಮಳೆ ಕೈಕೊಟ್ಟ ವರ್ಷ ಆಡಿಸಿದರೆ ಮಳೆ ಬರುತ್ತದೆಂಬ ನಂಬಿಕೆಯಲ್ಲಿ ಊರವರು ರಾತ್ರಿಯಿಡೀ ಕೂರುತ್ತಿದ್ದರು; ಉತ್ಸವದ ವೇದಿಕೆಗಳಲ್ಲಿ ಈಗ ಸಿಗುವುದು ತುಸು ಹೊತ್ತು. ಅಷ್ಟರಲ್ಲಿ ಇಡೀ ರಾಮಾಯಣ ಕೇಳಬೇಡಿ, ಗೊಂಬೆ ಮೆರವಣಿಗೆಯಾಗುತ್ತದೆ. ಲಂಕಾದಹನ ಒಂದನ್ನೇ ಕೇಳಿ. ಕ್ಯಾತ, ಬಂಗಾರಕ್ಕನ ಭಾಗ ಮಾತ್ರ ಕತ್ತರಿಸಲು ಹೇಳಬೇಡಿ, ಮತ್ತು ಮೈಕನ್ನು ಹಾರ್ಮೋನಿಯಂ ಮುಂದಿಡದೆ ಹಾಡುವವರ ಕಡೆ ಇಡಿಸಿ.