ತಟ್ಟೆಯ ಮೇಲಿನ ನೀರು

ಹುರುಳಿಕಾಯಿ ಪಲ್ಯಕ್ಕೆ ಬೇಕಾದದ್ದು ಹರಿತವಾದ ಈಳಿಗೆಮಣೆ, ಅರ್ಧ ಗಂಟೆ ಪುರುಸೊತ್ತು. ಕಾಲು ಕಿಲೋ ಎಳೆಕಾಯಿಯ ನಾರು ತೆಗೆದು ಸಣ್ಣಗೆ ಹೆಚ್ಚಬೇಕು. ದಪ್ಪಗೆ ಹೆಚ್ಚಿದರೆ ಅದು ಪಲ್ಯವಲ್ಲ, ಸೋಮಾರಿತನ. ಬಾಣಲೆಗೆ 2 ಚಮಚ ಎಣ್ಣೆ. ಸಾಸಿವೆ ಚಟಪಟ ಅಂದು ಸುಮ್ಮನಾಗುವ ಹೊತ್ತಿಗೆ ಉದ್ದಿನಬೇಳೆ, ಅದು ಕೆಂಪಾಗುತ್ತಿದ್ದಂತೆ ಒಣಮೆಣಸಿನಕಾಯಿ, ಕರಿಬೇವು. ಆಮೇಲೆ ಕಾಯಿ, ಉಪ್ಪು. ತುಸು ನೀರು ಚಿಮುಕಿಸಿ ತಟ್ಟೆ ಮುಚ್ಚುವುದು. ನಮ್ಮಮ್ಮ ಆ ತಟ್ಟೆಯ ಮೇಲೂ ಒಂದಿಷ್ಟು ನೀರು ಹಾಕುತ್ತಿದ್ದಳು. ಮೇಲಿನ ತಂಪಿಗೆ ಒಳಗಿನ ಹಬೆ ಹನಿಯಾಗಿ ಕಾಯಿಯ ಮೇಲೇ ಇಳಿಯುತ್ತದೆ, ತಳ ಹಿಡಿಯುವುದಿಲ್ಲ. ಎಂಥ ಜಾಣತನ! ಹಸಿರು ಮಾಸುವ ಮೊದಲೇ ಇಳಿಸಿ, ಹಸಿ ತೆಂಗಿನತುರಿ ಉದುರಿಸಿದರಾಯಿತು.

ಈ ಒಗ್ಗರಣೆಗೆ ಇಂಗು ಹಾಕುವವರೂ ಇದ್ದಾರೆ. ಗ್ಲೂಟನ್ ಒಗ್ಗದವರು ಅನುಮಾನಿಸಬೇಕಾದದ್ದು ಮುಖ್ಯವಾಗಿ ಅದನ್ನು. ಅಂಗಡಿಯ ಡಬ್ಬಿ ಇಂಗಿಗೆ ಮೈದಾವೋ ಗೋಧಿಹಿಟ್ಟೋ ಬೆರೆತಿರುವುದುಂಟು. ಅಕ್ಕಿಹಿಟ್ಟು ಬೆರೆಸಿದ್ದೂ ಸಿಗುತ್ತದೆ, ಡಬ್ಬಿ ತಿರುಗಿಸಿ ಓದಬೇಕು ಅಷ್ಟೆ. ನಾನಂತೂ ಈ ಪಲ್ಯಕ್ಕೆ ಇಂಗು ಹಾಕುವುದೇ ಇಲ್ಲ. ಎಳೆಕಾಯಿಯ ಮಂದ ಸಿಹಿಯನ್ನು ಅದು ನುಂಗಿಹಾಕುತ್ತದೆ. ತಿಳಿಸಾರಿಗೆ ಬೇಕಾದರೆ ಹಾಕಿಕೊಳ್ಳಲಿ. ಬಿಸಿ ಅನ್ನದ ಪಕ್ಕ ಬಡಿಸಿದ ಪಲ್ಯದಲ್ಲಿ ಹಲ್ಲಿಗೆ ಕಟುಂ ಎಂದು ಸಿಗುವ ಆ ಉದ್ದಿನಬೇಳೆಗಾಗಿ ನಮ್ಮ ಮನೆಯಲ್ಲಿ ಈಗಲೂ ಬಾಣಲೆಯ ತಳ ಕೆರೆಯುತ್ತೇವೆ.